ಹಿಮ ಬೀಳದ ನಾಡಿನಲ್ಲಿ ಹಿಮದ ಮಾತು

(ಖಾನಾಪುರದಲ್ಲಿ ನಡೆದ ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ನಿವೃತ್ತ ಭೂಗೋಳ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಘಟ್ಟದ ಅಂಚಿನ ಹಳ್ಳಿಗಳಿಂದ ನಸುಕಿನಲ್ಲಿಯೇ ಹೊರಟು, ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದೀರಿ. ಬೆಳಗಾವಿಯ ಕಾಲೇಜುಗಳಿಂದಲೂ ಅನೇಕರು ಬಂದಿದ್ದಾರೆ.

ಇಂದು ನಾನು ಆರಿಸಿಕೊಂಡಿರುವ ವಿಷಯ ಹಿಮ. ಖಾನಾಪುರದಲ್ಲಿ ನಿಂತು ಹಿಮದ ಬಗ್ಗೆ ಏನು ಹೇಳಲು ಸಾಧ್ಯ ಎಂದು ನಿಮಗೆ ಅನ್ನಿಸಬಹುದು. ನಾನು ಮೂವತ್ತು ವರ್ಷ ಭೂಗೋಳ ಕಲಿಸಿದವನು. ವಾಯುಗುಣದ ಪಾಠ ಬಂದಾಗಲೆಲ್ಲ ಯಾವುದಾದರೂ ಒಂದು ಮಗು ಎದ್ದು ನಿಂತು, "ಸರ್, ನಮ್ಮೂರಾಗ ಹಿಮ ಯಾಕ ಬೀಳೂದಿಲ್ಲ?" ಎಂದು ಕೇಳುತ್ತಿತ್ತು. ಪರೀಕ್ಷೆಗೆ ಬೇಕಾದಷ್ಟು ಉತ್ತರ ಹೇಳಿ ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ಉತ್ತರ ಅರ್ಧದ್ದಾಗಿತ್ತು. ಉಳಿದರ್ಧವನ್ನು ಇಂದು ಹೇಳಬೇಕೆಂದಿದ್ದೇನೆ. ಏಕೆಂದರೆ ನಮ್ಮ ಬಾವಿಗಳ, ನಮ್ಮ ಒರತೆಗಳ ಪ್ರಶ್ನೆ ಆ ಉಳಿದರ್ಧದಲ್ಲಿಯೇ ಇದೆ.

ನಮ್ಮ ಮಾತಿನಲ್ಲಿ ಹಿಮ

ಕನ್ನಡಕ್ಕೆ ಹಿಮ ಅಪರಿಚಿತವಲ್ಲ, ಆದರೆ ಅನುಭವದ್ದೂ ಅಲ್ಲ. 'ಮಂಜು' ಎಂಬ ಒಂದೇ ಶಬ್ದವನ್ನು ನಾವು ಬೆಳಗಿನ ಕಾವಳಕ್ಕೂ ಬಳಸುತ್ತೇವೆ, ಹಿಮಾಲಯದ ಮೇಲೆ ಬಿದ್ದದ್ದಕ್ಕೂ ಬಳಸುತ್ತೇವೆ. ಹುಲ್ಲಿನ ಮೇಲಿನ ಇಬ್ಬನಿಗೆ ಬೇರೆ ಹೆಸರಿದೆ, ಆಕಾಶದಿಂದ ಬೀಳುವ ಆಣೆಕಲ್ಲಿಗೆ ಬೇರೆ ಹೆಸರಿದೆ. ಋತುಗಳಲ್ಲಿ ಒಂದಾದ ಹೇಮಂತದ ಹೆಸರೂ ಹಿಮದ ನಂಟಿನದು. ಆದರೆ ಹತ್ತಿಯಂತೆ ಬಿದ್ದು, ನೆಲವನ್ನು ಮುಚ್ಚಿ, ತಿಂಗಳುಗಟ್ಟಲೆ ಉಳಿಯುವ ವಸ್ತುವಿಗೆ ನಮ್ಮ ಹಳ್ಳಿಗಳಲ್ಲಿ ಪ್ರತ್ಯೇಕ ಹೆಸರು ಬೇಕಾಗಲಿಲ್ಲ. ಅದೇ ಮಳೆಯ ವಿಷಯಕ್ಕೆ ಬನ್ನಿ. ರೋಹಿಣಿಯ ಮಳೆ, ಮಿರಗದ ಮಳೆ, ಆರಿದ್ರೆಯ ಮಳೆ ಎಂದು ನಕ್ಷತ್ರ ನಕ್ಷತ್ರಕ್ಕೂ ಮಳೆಯನ್ನು ಬೇರೆ ಬೇರೆಯಾಗಿ ಗುರುತಿಸಿದ ಜನ ನಾವು. ಯಾವುದರೊಡನೆ ಬದುಕುತ್ತೇವೆಯೋ ಅದಕ್ಕೆ ಹೆಸರಿಡುತ್ತೇವೆ.

ಬೆಳಗಾವಿ ತಂಪು ಹವೆಗೆ ಹೆಸರಾದ ಊರು. 'ಬಡವರ ಮಹಾಬಳೇಶ್ವರ' ಎಂದು ಅದನ್ನು ಕರೆದವರುಂಟು. ಆದರೂ ನಗರದ ಮಕ್ಕಳು ಬೀದಿಯಲ್ಲಿ ಬಿಳಿಯದನ್ನು ಕಾಣುವುದು ಬೇಸಿಗೆಯ ಆಣೆಕಲ್ಲಿನ ಮಳೆಯಲ್ಲಿ ಮಾತ್ರ. ಮಕ್ಕಳಿಗೆ ಅದು ಆಟ. ರೈತನಿಗೆ ಅದು ಉದುರಿದ ಮಾವಿನ ಮಿಡಿ, ಹರಿದ ಬಾಳೆಯ ಎಲೆ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ತಿಂಗಳಿನಲ್ಲಿ ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರ ಕರ್ನಾಟಕದ ಭಾಗಗಳಲ್ಲಿಯೂ ಬಿದ್ದ ಆಣೆಕಲ್ಲು ಜೋಳ, ಗೋಧಿ, ದ್ರಾಕ್ಷಿಯ ಬೆಳೆಗಳನ್ನು ನೆಲಸಮ ಮಾಡಿತು. ಆಣೆಕಲ್ಲು ಹಿಮವಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಹಿಮದ ಹಳುಕು ಮೋಡದೊಳಗಿನ ನೀರಾವಿ ನೇರವಾಗಿ ಹರಳುಗಟ್ಟಿ ಆಗುವಂಥದ್ದು. ಆಣೆಕಲ್ಲು ಬಿರುಸಾದ ಮೇಲ್ಗಾಳಿಗೆ ಸಿಕ್ಕಿ, ಮೋಡದೊಳಗಿನ ತಣ್ಣನೆಯ ಹನಿಗಳನ್ನು ಮೈಗೆ ಅಂಟಿಸಿಕೊಳ್ಳುತ್ತ, ಪದರ ಪದರವಾಗಿ ಬೆಳೆದು, ಗಾಳಿ ಹೊರಲಾರದಷ್ಟು ತೂಕವಾದಾಗ ಬೀಳುವಂಥದ್ದು.

ಹೋದವರು ಕಂಡ ಹಿಮ

ಊರಿಗೆ ಹಿಮ ಬರಲಿಲ್ಲವಾದರೂ ಊರಿನವರು ಹಿಮದ ಬಳಿಗೆ ಹೋಗಿದ್ದಾರೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಈ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲೆ ಸಮವಸ್ತ್ರದ ಒಂದು ಫೋಟೋ ಇದ್ದೇ ಇರುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲಡಾಖಿನ ಎತ್ತರದ ಠಾಣೆಯಲ್ಲಿ ಎರಡು ಚಳಿಗಾಲ ಕಳೆದು ರಜೆಗೆ ಬಂದಿದ್ದ. ನಾನು ಅವನ ಮನೆಗೆ ಹೋದಾಗ ಅವನ ತಾಯಿ ಒಲೆಯ ಮುಂದೆ ಕುಳಿತು ಕೇಳಿದಳು: "ಅಲ್ಲಿ ಹಿಮ ಬೀಳೂ ಮುಂದ ಸಪ್ಪಳ ಆಗತೈತೇನೋ ತಮ್ಮಾ?" ಅವನು ತುಸು ಹೊತ್ತು ಸುಮ್ಮನಿದ್ದು ಹೇಳಿದ: "ಇಲ್ಲಬೇ ಯವ್ವಾ. ಸಪ್ಪಳನ ಇಲ್ಲ. ಅದಕ್ಕ ಹೆದರಿಕಿ."

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಮಳೆಯ ಸಪ್ಪಳ ಕೇಳುತ್ತ ಬೆಳೆದ ಹುಡುಗ ಅವನು. ಮಳೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲ. ಹಿಮ ಹಾಗಲ್ಲ, ರಾತ್ರಿ ಬಿದ್ದದ್ದು ಬೆಳಿಗ್ಗೆ ಬಾಗಿಲು ತೆರೆಯದಾದಾಗಲೇ ತಿಳಿಯುತ್ತದೆ ಎಂದು ಅವನು ವಿವರಿಸಿದ. ಬಿಸಿಲು ಬಿದ್ದರೆ ಕಪ್ಪು ಕನ್ನಡಕವಿಲ್ಲದೆ ಕಣ್ಣು ಬಿಡುವಂತಿಲ್ಲ. ಬರಿಗೈಯಿಂದ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಬೇಗ ಕುದಿದರೂ ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ. ಅವನು ಹೇಳಿದ ಕೊನೆಯ ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಸುತ್ತಲೂ ಕಣ್ಣು ಹಾಯುವವರೆಗೆ ಹಿಮವೇ, ಅಂದರೆ ನೀರೇ. ಆದರೆ ಒಂದು ಲೋಟ ಕುಡಿಯಬೇಕಾದರೆ ಸೀಮೆಎಣ್ಣೆಯ ಒಲೆ ಹಚ್ಚಿ ಅದನ್ನು ಕರಗಿಸಬೇಕು. ಹತ್ತು ಅಂಗುಲ ಹೊಸ ಹಿಮ ಕರಗಿದರೆ ಸುಮಾರು ಒಂದು ಅಂಗುಲ ನೀರು. ಉಳಿದದ್ದೆಲ್ಲ ಗಾಳಿ.

ಈ ಬಿಳುಪು ಎಂಥ ಬೆಲೆ ಕೇಳುತ್ತದೆ ಎಂಬುದನ್ನು ನಮ್ಮ ನೆರೆಯ ಧಾರವಾಡ ಜಿಲ್ಲೆ ಅರಿತಿದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇದ್ದರು. ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶ ಕೂಡ ಇದ್ದರು. ಆರು ದಿನಗಳ ನಂತರ, ಇಪ್ಪತ್ತೈದು ಅಡಿಗೂ ಹೆಚ್ಚು ಆಳದಿಂದ ಹನುಮಂತಪ್ಪನವರನ್ನು ಜೀವಂತವಾಗಿ ಹೊರತೆಗೆದಾಗ ಇಡೀ ದೇಶವೇ ಉಸಿರು ಬಿಗಿಹಿಡಿದು ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಕರಿಮಣ್ಣಿನ ಹತ್ತಿ ಬೆಳೆಯುವ ಬಯಲುಸೀಮೆಯ ಮಗನನ್ನು ಒಯ್ದದ್ದು ಅವನ ಊರು ಎಂದೂ ಕಾಣದ ವಸ್ತು. 1984ರಿಂದ ಸಿಯಾಚಿನ್‌ನಲ್ಲಿ ಗುಂಡಿಗಿಂತ ಹವೆಗೆ ಬಲಿಯಾದ ಸೈನಿಕರೇ ಹೆಚ್ಚು.

ಕನ್ನಡಿಗರಿಗೆ ಹಿಮದೊಡನೆ ಇನ್ನೊಂದು ಹಳೆಯ ಸಂಬಂಧವೂ ಇದೆ. ಕೇದಾರನಾಥದ ರಾವಲರು ಹಾಗೂ ಅಲ್ಲಿಯ ಅರ್ಚಕರು ಕರ್ನಾಟಕ ಮೂಲದ ವೀರಶೈವ ಪರಂಪರೆಯವರು. ದೀಪಾವಳಿಯ ನಂತರ ಹಿಮ ದಾರಿ ಕಟ್ಟುವ ಮೊದಲು ಗುಡಿಯ ಬಾಗಿಲು ಮುಚ್ಚಿ, ಉತ್ಸವಮೂರ್ತಿಯನ್ನು ಕೆಳಗಿನ ಊಖೀಮಠಕ್ಕೆ ತರುತ್ತಾರೆ. ಆರು ತಿಂಗಳು ಅಲ್ಲಿಯೇ ಪೂಜೆ. ಹಿಮಕ್ಕೆ ಅದರ ಕಾಲವನ್ನು ಬಿಟ್ಟುಕೊಟ್ಟು ದೇವರೂ ಕೆಳಗಿಳಿಯುವ ಆ ಪದ್ಧತಿಯಲ್ಲಿ ದೊಡ್ಡ ತಿಳಿವಳಿಕೆಯಿದೆ. 2013ರ ಜೂನ್ 16 ಮತ್ತು 17ರಂದು ಅಲ್ಲಿ ಆದದ್ದನ್ನು ನೆನೆಯಿರಿ. ಮುಂಗಾರು ಅವಧಿಗೆ ಮೊದಲೇ ಏರಿ ಬಂದು, ಇನ್ನೂ ಹಿಮ ಹೊದ್ದಿದ್ದ ಎತ್ತರಗಳ ಮೇಲೆ ಭಾರಿ ಮಳೆ ಸುರಿಯಿತು. ಹಿಮ ಕರಗಿ ಮಳೆಯ ನೀರಿಗೆ ಕೂಡಿತು. ಗುಡಿಯ ಮೇಲ್ಭಾಗದ ಚೋರಾಬಾರಿ ಹಿಮನದಿಯ ಬಳಿಯ ಕೆರೆ ತನ್ನ ಕಲ್ಲುಮಣ್ಣಿನ ಒಡ್ಡನ್ನು ಒಡೆದು ಕೆಳಗೆ ನುಗ್ಗಿತು. ಸಾವಿರಾರು ಜನ ಸತ್ತರು. ನಿಧಾನವಾಗಿ ಇಳಿಯಬೇಕಾದ ನೀರು ಒಮ್ಮೆಗೇ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಕಠೋರವಾದ ಪಾಠ ಬೇಕಿಲ್ಲ.

ಇತ್ತೀಚಿನ ದಶಕಗಳಲ್ಲಿ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಮಕ್ಕಳು ಅಮೆರಿಕ, ಕೆನಡಾ, ಜರ್ಮನಿಗಳಲ್ಲಿ ನೆಲಸಿದ್ದಾರೆ. ಮೊದಲ ದಿನ ಅವರು ಹಿಮದಲ್ಲಿ ನಿಂತ ಫೋಟೋ ಮನೆಗೆ ಬರುತ್ತದೆ. ಎರಡನೆಯ ತಿಂಗಳಿನಿಂದ ಕೆಲಸಕ್ಕೆ ಹೋಗುವ ಮೊದಲು ಸಲಿಕೆಯಿಂದ ಅಂಗಳ ಬಳಿಯುವ ಕಥೆ ಬರುತ್ತದೆ. ಅಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ, ಆ ಉಪ್ಪು ಹೊಳೆ ಸೇರಿ ಅಲ್ಲಿಯ ಪರಿಸರವಾದಿಗಳಿಗೆ ಹೊಸ ಚಿಂತೆ ತಂದಿದೆ. ಅದೇ ನಾಡುಗಳ ರೈತರು ಹಿಮವನ್ನು ಗೋಧಿಗೆ ಹೊದಿಸಿದ ಕಂಬಳಿ ಎಂದು ಬಗೆಯುತ್ತಾರೆ. ಹಿಮದೊಳಗಿನ ಗಾಳಿ ಚಳಿಯನ್ನು ತಡೆದು ಸಸಿಯನ್ನು ಕಾಯುತ್ತದೆ. ಸೈನಿಕನನ್ನು ಕೊಂದ ಹಿಮವೇ ಇನ್ನೊಂದೆಡೆ ಬೆಳೆಯನ್ನು ಬದುಕಿಸುತ್ತದೆ.

ನಮ್ಮಲ್ಲಿ ಏಕೆ ಬೀಳುವುದಿಲ್ಲ?

ಈಗ ಮಗುವಿನ ಪ್ರಶ್ನೆಗೆ ಬರೋಣ. ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಎಂಟುನೂರು ಮೀಟರಿನ ಆಸುಪಾಸಿನಲ್ಲಿ. ನಮ್ಮ ಗುಡ್ಡಗಳು ಇನ್ನೂ ಮೂರು ಸಾವಿರ ಮೀಟರು ಬೆಳೆದಿದ್ದರೆ ಅವುಗಳ ನೆತ್ತಿಯ ಮೇಲೆ ಹಿಮ ನಿಲ್ಲುವ ಮಾತು ಬರುತ್ತಿತ್ತು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಎರಡು ಸಾವಿರ ಮೀಟರು ಮುಟ್ಟುವುದಿಲ್ಲ. ಎರಡನೆಯದಾಗಿ, ನಮಗೆ ನೀರಾವಿ ಬರುವುದು ಮುಂಗಾರಿನ ಬೆಚ್ಚನೆಯ ತಿಂಗಳುಗಳಲ್ಲಿ, ಚಳಿ ಬರುವ ಹೊತ್ತಿಗೆ ಆಕಾಶ ಒಣಗಿರುತ್ತದೆ. ಲಡಾಖ್, ಕಾಶ್ಮೀರಗಳಿಗೆ ಚಳಿಗಾಲದಲ್ಲಿಯೇ ಪಶ್ಚಿಮದಿಂದ ಮೋಡಗಳು ಬರುತ್ತವೆ.

ಆದರೆ ಒಂದು ಸೋಜಿಗವನ್ನು ನಾನು ಮಕ್ಕಳಿಗೆ ಹೇಳದೆ ಬಿಟ್ಟಿದ್ದೆ. ಮೇ ತಿಂಗಳಿನ ಗುಡುಗು ಮೋಡದ ನೆತ್ತಿ ಹತ್ತಾರು ಸಾವಿರ ಅಡಿ ಮೇಲಿರುತ್ತದೆ. ಅಲ್ಲಿರುವುದು ಹಿಮದ ಹರಳುಗಳೇ. ಅವು ಕೆಳಗಿಳಿಯುತ್ತ ಬೆಚ್ಚನೆಯ ಗಾಳಿಯಲ್ಲಿ ಕರಗಿ ಹನಿಯಾಗಿ ನಮ್ಮ ತಲೆಯ ಮೇಲೆ ಬೀಳುತ್ತವೆ. ಹಾಗಾಗಿ ನಮ್ಮೂರಿನಲ್ಲಿಯೂ ಹಿಮ ಬೀಳುತ್ತದೆ ಮಕ್ಕಳೇ, ನೆಲ ಮುಟ್ಟುವುದಿಲ್ಲ ಅಷ್ಟೆ.

ಹಿಮವೆಂದರೆ ಕೂಡಿಟ್ಟ ನೀರು

ಹಿಮದ ನಾಡಿನವರಿಗೂ ನಮಗೂ ಇರುವ ನಿಜವಾದ ವ್ಯತ್ಯಾಸ ಚಳಿಯದಲ್ಲ, ಕಾಲದ್ದು. ಮಳೆ ಬಿದ್ದ ಕೂಡಲೇ ಓಡುತ್ತದೆ. ಹಿಮ ಕಾಯುತ್ತದೆ. ಡಿಸೆಂಬರಿನಲ್ಲಿ ಬಿದ್ದದ್ದು ಮೇ, ಜೂನ್‌ಗಳಲ್ಲಿ, ಹೊಲಕ್ಕೆ ನೀರು ಬೇಕಾದಾಗ ಇಳಿದು ಬರುತ್ತದೆ. ಸಿಂಧೂ ನದಿಯ ಮೇಲ್ಭಾಗದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಿಮ ಮತ್ತು ಹಿಮನದಿಗಳದು.

ಲೇಹ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವುದು ಸುಮಾರು ನೂರು ಮಿಲಿಮೀಟರ್. ನಮ್ಮ ಕಣಕುಂಬಿಯಲ್ಲಿ ಮೂರು ಸಾವಿರ ಮಿಲಿಮೀಟರ್ ಮೀರುವುದು ಸಾಮಾನ್ಯ ಸಂಗತಿ. ಅಂದರೆ ಮೂವತ್ತು ಪಟ್ಟು. ಆಮಗಾಂವವನ್ನಂತೂ ರಾಜ್ಯದ ಅತಿ ಹೆಚ್ಚು ಮಳೆಯ ಊರುಗಳ ಸಾಲಿನಲ್ಲಿ ಆಗುಂಬೆಯೊಡನೆ ಹೆಸರಿಸುತ್ತಾರೆ. ನೂರು ಮಿಲಿಮೀಟರಿನ ಲಡಾಖಿನವರು ಬಾರ್ಲಿ, ಗೋಧಿ ಬೆಳೆದು, ಜರ್ದಾಳು ಒಣಗಿಸಿ, ಶತಮಾನಗಳಿಂದ ಬದುಕಿದ್ದಾರೆ. ಹಿಮ ಮೇಲಕ್ಕೆ ಸರಿಯುತ್ತಿದ್ದಂತೆ ಬಿತ್ತನೆಯ ಏಪ್ರಿಲ್ ತಿಂಗಳಿಗೆ ನೀರು ಸಾಲದಾಯಿತು. ಆಗ ಚೆವಾಂಗ್ ನೊರ್ಫೆಲ್ ಎಂಬ ಸಿವಿಲ್ ಎಂಜಿನಿಯರ್ 1987ರಿಂದ ಒಂದು ಉಪಾಯ ನಡೆಸಿಕೊಂಡು ಬಂದರು. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ತೊರೆಯ ನೀರನ್ನು ಊರಿನ ಹತ್ತಿರದ ನೆರಳಿನ ಕಣಿವೆಗೆ ತಿರುಗಿಸಿ, ಕಲ್ಲಿನ ತಡೆಗಳ ಹಿಂದೆ ನಿಧಾನಗೊಳಿಸಿ, ಅಲ್ಲಿಯೇ ಹೆಪ್ಪುಗಟ್ಟಿಸಿದರು. ವಸಂತದಲ್ಲಿ ಅದು ಕರಗಿ ಹೊಲಕ್ಕೆ ಬಂತು. 2015ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. 2013-14ರ ಚಳಿಗಾಲದಿಂದ ಸೋನಮ್ ವಾಂಗ್‌ಚುಕ್ ಮತ್ತು ಅವರ ವಿದ್ಯಾರ್ಥಿಗಳು ಅದೇ ನೀರನ್ನು ಪೈಪಿನಿಂದ ಚಿಮ್ಮಿಸಿ ಶಂಕುವಿನಾಕಾರದ ಹಿಮಸ್ತೂಪ ಕಟ್ಟಿದರು. ಅದು ನಿಮ್ಮಂಥ ವಿದ್ಯಾರ್ಥಿಗಳ ಕೈಯ ಕೆಲಸ ಎಂಬುದನ್ನು ಗಮನಿಸಿ.

ಹಿಮಾಲಯದ ಆ ಕಣಜವೇ ಈಗ ಬರಿದಾಗುತ್ತಿದೆ. 2023ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪರ್ವತ ಸಂಸ್ಥೆಯೊಂದರ ವರದಿಯಂತೆ, ಹಿಂದೂಕುಶ್ ಹಿಮಾಲಯದ ಹಿಮನದಿಗಳು 2011ರಿಂದ 2020ರ ದಶಕದಲ್ಲಿ ಅದರ ಹಿಂದಿನ ದಶಕಕ್ಕಿಂತ ಶೇಕಡಾ 65ರಷ್ಟು ಹೆಚ್ಚು ವೇಗದಲ್ಲಿ ಕರಗಿವೆ. 2025ನ್ನು ವಿಶ್ವಸಂಸ್ಥೆ ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಘೋಷಿಸಿ ಆಚರಿಸಿತು.

ನಮ್ಮ ಕಣಜ ಯಾವುದು?

ಈಗ ನನ್ನ ಮುಖ್ಯ ಮಾತು. ಹಿಮವಿಲ್ಲದ ನಮಗೆ ಮಳೆಗಾಲದ ನೀರನ್ನು ಮಾರ್ಚ್, ಏಪ್ರಿಲ್‌ವರೆಗೆ ಹಿಡಿದಿಟ್ಟುಕೊಟ್ಟವರು ಯಾರು? ಹಿಮಾಲಯದಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಕಾಡಿನ ನೆಲ ಮಾಡುತ್ತದೆ. ಎಲೆಯ ಮೇಲೆ ಬಿದ್ದ ಮಳೆಯ ರಭಸ ಮುರಿಯುತ್ತದೆ. ತರಗೆಲೆಯ ಹಾಸು ಅದನ್ನು ಹೀರುತ್ತದೆ. ಬೇರಿನ ದಾರಿಗಳು, ಎರೆಹುಳು ಗೆದ್ದಲುಗಳು ಕೊರೆದ ದಾರಿಗಳು ಅದನ್ನು ಕೆಳಗಿಳಿಸುತ್ತವೆ. ತೂತು ತೂತಾದ ಕೆಂಪು ಜಂಬಿಟ್ಟಿಗೆ ಅದನ್ನು ಹಿಡಿದುಕೊಳ್ಳುತ್ತದೆ. ಮಳೆ ನಿಂತಾಗಲೂ ಘಟ್ಟದ ಮಂಜು ಎಲೆಗಳ ಮೇಲೆ ಹನಿಗೂಡಿ ತೊಟ್ಟಿಕ್ಕುತ್ತದೆ. ಹೀಗೆ ಕೂಡಿದ ನೀರು ಮಲಪ್ರಭೆಯಾಗಿ ಪೂರ್ವಕ್ಕೂ ಮಹದಾಯಿಯಾಗಿ ಪಶ್ಚಿಮಕ್ಕೂ ಹೊರಡುತ್ತದೆ. ಮಲಪ್ರಭೆ ಸವದತ್ತಿಯ ನವಿಲುತೀರ್ಥದ ಅಣೆಕಟ್ಟು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ.

ಮರ ನೀರು ಕುಡಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕುಡಿಯುತ್ತದೆ. ಒಂದೇ ಜಾತಿಯ ನೀಲಗಿರಿ, ಅಕೇಶಿಯಾ ತೋಪುಗಳು ಹಿಡಿದಿಡುವುದಕ್ಕಿಂತ ಹೆಚ್ಚು ಕುಡಿಯಬಹುದು. ಆದುದರಿಂದಲೇ 'ಇಷ್ಟು ಸಸಿ ನೆಟ್ಟೆವು' ಎಂಬ ಲೆಕ್ಕದಿಂದ ನಾನು ಸಮಾಧಾನಗೊಳ್ಳುವವನಲ್ಲ. ಹಲವು ಜಾತಿಯ, ಹಲವು ಎತ್ತರದ ಮರಬಳ್ಳಿಗಳಿರುವ ಹಳೆಯ ಕಾಡಿನ ನೆಲಕ್ಕೆ ಹೀರುವ ಶಕ್ತಿಯಿದೆ. ಆ ನೆಲ ಆಗಲು ನೂರಾರು ವರ್ಷ ಬೇಕು. ರಸ್ತೆ ಅಗಲಿಸುವಾಗ, ಗುಡ್ಡ ಬಗೆದು ವಿಶ್ರಾಂತಿಧಾಮ ಕಟ್ಟುವಾಗ, ಬೇಸಿಗೆಯಲ್ಲಿ ತರಗೆಲೆಗೆ ಬೆಂಕಿ ಇಡುವಾಗ ನಾವು ಕಳೆದುಕೊಳ್ಳುವುದು ಮರವನ್ನಷ್ಟೇ ಅಲ್ಲ, ಆ ನೆಲವನ್ನು. 2011ರ ಡಿಸೆಂಬರಿನಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡು ಭೀಮಗಡ ವನ್ಯಜೀವಿಧಾಮವಾಯಿತು. ಅದು ಒಳ್ಳೆಯದೇ. ಆದರೆ ಒರತೆಗಳಿರುವುದು ಧಾಮದ ಗಡಿಯೊಳಗೆ ಮಾತ್ರವಲ್ಲ, ನಮ್ಮ ಊರಿನ ಹಿಂದಿನ ಗುಡ್ಡದಲ್ಲಿಯೂ ಇವೆ.

ಧಾಮದೊಳಗಿನ ಆಮಗಾಂವ, ಕೃಷ್ಣಾಪುರ, ಗವಾಳಿ, ಪಾಸ್ತೋಳಿಗಳ ಜನರ ಕಷ್ಟವನ್ನೂ ಇಲ್ಲಿ ಹೇಳಲೇಬೇಕು. ಲಡಾಖಿನ ಹಳ್ಳಿಗಳು ಹಿಮದಿಂದ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುವಂತೆ ಈ ಹಳ್ಳಿಗಳು ಮಳೆಗಾಲದಲ್ಲಿ ಕಳೆದುಕೊಳ್ಳುತ್ತವೆ. ಅವರು ಚಳಿಗಾಲಕ್ಕೆ ಧಾನ್ಯ ಕೂಡಿಡುವಂತೆ ಇವರು ಮೇ ತಿಂಗಳಿನಲ್ಲಿ ಅಕ್ಕಿ, ಒಣಕಟ್ಟಿಗೆ ಕೂಡಿಡುತ್ತಾರೆ. ಹಳ್ಳ ತುಂಬಿದಾಗ ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕು. ಕಾಡನ್ನು ಉಳಿಸಬೇಕೆಂದು ಹೇಳುವ ನಾವು ಅವರ ಆ ಹೆಗಲಿನ ಭಾರವನ್ನು ಮರೆತು ಮಾತನಾಡಿದರೆ ನಮ್ಮ ಮಾತಿಗೆ ಬೆಲೆ ಇಲ್ಲ. ಹೋಗಬಯಸುವವರಿಗೆ ನ್ಯಾಯವಾದ ಪುನರ್ವಸತಿ ಸಿಗಬೇಕು. ಇರಬಯಸುವವರಿಗೆ ಔಷಧಿ, ಶಾಲೆ, ಕಾಲುಸೇತುವೆ ಸಿಗಬೇಕು.

ಮಹದಾಯಿಯ ನೀರು ಯಾರಿಗೆ ಎಷ್ಟು ಎಂಬ ವಾದದಲ್ಲಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಮಲಪ್ರಭೆಯ ಬಯಲಿನ ರೈತರ ಬಾಯಾರಿಕೆ ಸುಳ್ಳಲ್ಲ. ಆದರೆ ಹಂಚಿಕೆಯ ಕಾಗದ ನೀರನ್ನು ಹಿಡಿದಿಡಲಾರದು. ಯಾವ ದಿಕ್ಕಿಗೆ ಹರಿದರೂ ನೀರು ಮೊದಲು ಈ ಗುಡ್ಡದಲ್ಲಿ ನಿಲ್ಲಬೇಕು.

ಒಂದು ಬಕೆಟ್, ಒಂದು ಗಡಿಯಾರ

ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವುದು ಬೇಡ. ಒಂದು ಕೆಲಸ ಹೇಳುತ್ತೇನೆ. ನಿಮ್ಮ ಊರಿನ ಒರತೆಗಳ ಪಟ್ಟಿ ಮಾಡಿ. ಅಜ್ಜ ಅಜ್ಜಿಯರನ್ನು ಕೇಳಿ, ಬತ್ತಿಹೋದವುಗಳ ಹೆಸರನ್ನೂ ಬರೆಯಿರಿ. ಪ್ರತಿ ತಿಂಗಳು ಒಂದೇ ತಾರೀಖಿನಂದು, ಹತ್ತು ಲೀಟರಿನ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಗುರುತಿಸಿ. ಇಪ್ಪತ್ತು ಸೆಕೆಂಡಾದರೆ ನಿಮಿಷಕ್ಕೆ ಮೂವತ್ತು ಲೀಟರ್, ದಿನಕ್ಕೆ 43,200 ಲೀಟರ್. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿದೆ. ಅಂದರೆ ಆ ಒಂದು ಒರತೆ ಸುಮಾರು 785 ಜನರ ಊರಿಗೆ ಸಾಕು. ಬಕೆಟ್ಟು ತುಂಬಲು ನಲವತ್ತು ಸೆಕೆಂಡು ಹಿಡಿದರೆ ಅರ್ಧ ಊರಿಗೆ ನೀರಿಲ್ಲ. ಮನೆಗೆ ನಲ್ಲಿ ಬಂದರೆ ಸಾಲದು, ನಲ್ಲಿಯ ಹಿಂದೆ ನೀರಿರಬೇಕು.

ಮೂರು ವರ್ಷ ಹೀಗೆ ಬರೆದಿಟ್ಟರೆ ಅದು ಗ್ರಾಮಸಭೆಯಲ್ಲಿ ಇಡಬಹುದಾದ ದಾಖಲೆಯಾಗುತ್ತದೆ. ಗುಡ್ಡಕ್ಕೆ ಜೆಸಿಬಿ ಬಂದಾಗ 'ಕಾಡು ಉಳಿಸಿ' ಎಂದು ಬರಿಗೈಯಲ್ಲಿ ನಿಲ್ಲುವುದಕ್ಕಿಂತ, ಈ ಗುಡ್ಡ ಏಪ್ರಿಲ್ ತಿಂಗಳಿನಲ್ಲಿ ನಮಗೆ ದಿನಕ್ಕೆ ಇಷ್ಟು ಲೀಟರು ಕೊಡುತ್ತದೆ ಎಂದು ಬರೆದ ವಹಿ ಹಿಡಿದು ನಿಲ್ಲಿರಿ. ಒರತೆಯ ಮೇಲಿನ ಇಳಿಜಾರಿಗೆ ಬೆಂಕಿ ಬೀಳದಂತೆ ಕಾಯಿರಿ. ತರಗೆಲೆಯನ್ನು ಕಸವೆಂದು ಕರೆಯಬೇಡಿ.

ರಜೆ ಮುಗಿಸಿ ಹೊರಡುವ ಮುನ್ನ ಆ ಸೈನಿಕ ಹುಡುಗ ಮನೆಯ ಹಿಂದಿನ ಒರತೆಗೆ ಹೋಗಿ ಬೊಗಸೆಯಲ್ಲಿ ನೀರು ಕುಡಿದು ಬಂದ. ಅಲ್ಲಿ ಒಂದು ಲೋಟಕ್ಕೆ ಒಲೆ ಹಚ್ಚಬೇಕು, ಇಲ್ಲಿ ಬಗ್ಗಿದರೆ ಸಾಕು ಎಂದ. ಅವನು ಮುಂದಿನ ಬಾರಿ ಊರಿಗೆ ಬಂದಾಗಲೂ ಅಲ್ಲಿ ನೀರಿರುವಂತೆ ನೋಡಿಕೊಳ್ಳುವುದು ಊರಿನಲ್ಲಿ ಉಳಿದಿರುವ ನಮ್ಮ ಕೆಲಸ.